ಗೋತಂ

ಕಾರ್ತಿಕದ ಕೊನೆಯ ಸೋಮವಾರ ಹತ್ತಿರ ಬಂತೆಂದರೆ ಬಸವನಗುಡಿಯಲ್ಲಿ ಕಾಲಿಡಲು ಜಾಗವಿರುವುದಿಲ್ಲ. ದೊಡ್ಡ ಬಸವಣ್ಣನ ಗುಡಿಯ ರಸ್ತೆಯ ಎರಡೂ ಕಡೆ ಕಡಲೆಕಾಯಿ ಗುಡ್ಡೆಗಳು. ಹಸಿಯದು, ಹುರಿದದ್ದು, ಬೇಯಿಸಿದ್ದು. ಕಳೆದ ವರ್ಷ ಪರಿಷೆಯ ಹಿಂದಿನ ದಿನ, ಭಾನುವಾರ ಸಂಜೆ, ಆ ಜಂಗುಳಿಯಲ್ಲಿ ನುಸುಳಿಕೊಂಡು ಎರಡು ಬೀದಿ ಒಳಗಿದ್ದ ಹಳೆಯ ಮನೆಯೊಂದಕ್ಕೆ ಹೋದೆ. ಕೆಂಪು ಗಾರೆ ನೆಲದ ನಡುಮನೆ. ಜಮಖಾನ ಹಾಸಿದ್ದರು. ಮಂಡಿನೋವಿನವರಿಗೆಂದು ಗೋಡೆಯ ಪಕ್ಕ ಎಂಟು ಪ್ಲಾಸ್ಟಿಕ್ ಕುರ್ಚಿ. ಅದರಲ್ಲೊಂದನ್ನು ಹಿಡಿದು ಕೂತೆ.

ಮಗಳು ಮೊಬೈಲಿಗೆ ಕರೆಯೋಲೆ ಕಳಿಸಿದ್ದಳು. ತಾವೇ ಬರೆದು, ತಾವೇ ಧಾಟಿ ಕಟ್ಟಿ, ತಾವೇ ಹಾಡುವ ಹಿರಿಯರು; ಮೈಕಿಲ್ಲ; 40 ಜನಕ್ಕಷ್ಟೇ ಜಾಗ. ‘ಅಪ್ಪಾ, ನಿನಗೆ ಇಂಥದ್ದು ಇಷ್ಟ ಅಲ್ವಾ, ಹೋಗಿ ಬಾ’ ಅಂದಿದ್ದಳು. ಫೋಟೋದಲ್ಲಿದ್ದ ಮುಖವನ್ನು ಬೆರಳಿನಿಂದ ಹಿಗ್ಗಿಸಿ ನೋಡಿದೆ. ಮೀಸೆ ಪೂರ್ತಿ ಬೆಳ್ಳಗಾಗಿತ್ತು. ಎಡ ಹೆಗಲು ಬಲ ಹೆಗಲಿಗಿಂತ ಎರಡು ಬೆರಳು ಕೆಳಗಿತ್ತು. ಆ ಹೆಗಲು ಕಂಡ ಮೇಲೆ ಹೆಸರು ಓದಬೇಕಾಗಿ ಬರಲಿಲ್ಲ.

ಆ ಹೆಸರನ್ನು 1984ರಲ್ಲಿ ಒಂದು ಹಾಡಿನ ಪುಸ್ತಕದಿಂದ ಬಿಟ್ಟುಹಾಕಿದವನು ಅವಳ ಅಪ್ಪನೇ ಎಂಬುದು ಮಗಳಿಗೆ ಗೊತ್ತಿರಲಿಲ್ಲ.

ನಾನಾಗ ತುಮಕೂರಿನಲ್ಲಿ ಬಿ.ಕಾಂ. ಓದುತ್ತಿದ್ದೆ. ಹಾಡು ಅಂದರೆ ಏನೋ ಒಂದು ಆಗಿಯೇ ತೀರುತ್ತದೆ ಎಂದು ನಂಬಿದ್ದ ಕಾಲ ಅದು. 1980ರ ಜುಲೈಯಲ್ಲಿ ನರಗುಂದ, ನವಲಗುಂದಗಳಲ್ಲಿ ರೈತರ ಮೇಲೆ ಗುಂಡು ಹಾರಿತ್ತು. ಅದರ ಬಿಸಿ ನಮ್ಮ ಹಾಸ್ಟೆಲಿನ ಮೆಟ್ಟಿಲ ತನಕವೂ ಬಂದಿತ್ತು. ಸಿದ್ಧಲಿಂಗಯ್ಯನವರ ‘ಹೊಲೆಮಾದಿಗರ ಹಾಡು’ 1975ರಲ್ಲಿ ಬಂದದ್ದು, ನಮ್ಮ ಕೈಗೆ ಸಿಗುವ ಹೊತ್ತಿಗೆ ಅದರ ರಟ್ಟು ಕಿತ್ತುಹೋಗಿತ್ತು. ಬಿಹಾರದ ಬೆಲ್ಚಿಯಲ್ಲಿ 1977ರಲ್ಲಿ ನಡೆದ ಕೊಲೆಗಳನ್ನು ‘ಸಮುದಾಯ’ದವರು ಬೀದಿ ನಾಟಕ ಮಾಡಿದ್ದರು, ಅದನ್ನು ನೋಡಿ ಬಂದ ರಾತ್ರಿ ನಾವು ಯಾರೂ ಊಟ ಮಾಡಿರಲಿಲ್ಲ. ನಮ್ಮದು ಅಂಥ ದೊಡ್ಡ ಸಂಘಟನೆಯಲ್ಲ. ಎಂಟು ಹುಡುಗರು, ಒಬ್ಬ ಮೇಷ್ಟ್ರು, ಒಂದು ಸೋರುವ ಹಾರ್ಮೋನಿಯಂ. ಭಾನುವಾರ ಬಂತೆಂದರೆ ಯಾವುದಾದರೂ ಬಸ್ ಸ್ಟ್ಯಾಂಡಿನಲ್ಲಿ ನಿಂತು ಹಾಡುವುದು, ಸಂಜೆ ಡಬ್ಬಿಯಲ್ಲಿ ಬಿದ್ದ ಚಿಲ್ಲರೆಯಲ್ಲಿ ಬಸ್ ಚಾರ್ಜು ಕಳೆದು ಉಳಿದದ್ದಕ್ಕೆ ಬನ್ನು ತಿನ್ನುವುದು.

1983ರ ಬೇಸಿಗೆಯಲ್ಲಿ ಶಿರಾ, ಹಿರಿಯೂರು ದಾಟಿ ಚಳ್ಳಕೆರೆಗೆ ಹೋದೆವು. ಚಳ್ಳಕೆರೆ ಆಗ ಎಣ್ಣೆಯ ಊರು. ಸುತ್ತಲಿನ ಸೀಮೆಯ ಕಡಲೆಕಾಯಿಯೆಲ್ಲ ಅಲ್ಲಿಗೆ ಬಂದು ಬೀಳಬೇಕು. ಬಸ್ಸಿಳಿಯುವ ಮುಂಚೆಯೇ ಹಿಂಡಿಯ ವಾಸನೆ ಮೂಗಿಗೆ ಬಡಿಯುತ್ತಿತ್ತು. ಒಂದು ಗಿರಣಿಯ ಮುಂದೆ ಹಮಾಲಿಗಳು ಮೂಟೆಗೆ ಹತ್ತು ಪೈಸೆ ಹೆಚ್ಚು ಕೊಡಿ ಎಂದು ಕೂತಿದ್ದರು. ನಾವು ಅವರಿಗೆ ಬೆಂಬಲ ಕೊಡಲು ಹೋದವರು. ಹಾರ್ಮೋನಿಯಂ ಇಳಿಸಿ ಎರಡು ಹಾಡು ಹಾಡಿದೆವು. ಅವರು ಮರ್ಯಾದೆಗೆ ಕೇಳಿದರು. ಮೂರನೆಯದಕ್ಕೆ ತಯಾರಾಗುವಷ್ಟರಲ್ಲಿ ಯಾರೋ ಒಬ್ಬ, ‘ಇರಿ, ನಮ್ಮಾಳೂ ಒಂದು ಹೇಳ್ತಾನೆ’ ಅಂದ.

ಎದ್ದು ಬಂದವರಿಗೆ ಮೂವತ್ತು ದಾಟಿತ್ತು. ತಲೆಗೆ ಗೋಣಿಚೀಲದ ಕೊಪ್ಪೆ. ಕೈಯಲ್ಲಿ ದಮ್ಮಡಿ. ಮೂಟೆಯೊಂದು ತನ್ನನ್ನು ಹೊತ್ತ ಬೆನ್ನಿನ ಜೊತೆ ಮಾತಾಡುವ ಹಾಡು ಅದು. ಬೆನ್ನೇ, ನೀನು ಯಾರ ಮನೆಯವನು, ನಾನು ಯಾರ ಮನೆಗೆ ಹೋಗುತ್ತಿದ್ದೇನೆ, ನಿನ್ನ ಮನೆಗೆ ಯಾವತ್ತಾದರೂ ಬಂದಿದ್ದೇನಾ ಎಂದು ಕೇಳುತ್ತ ಹೋಗುತ್ತದೆ. ಅಷ್ಟೇ. ಘೋಷಣೆಯಿಲ್ಲ, ಕೆಂಪು ಬಾವುಟವಿಲ್ಲ. ನಮ್ಮ ಎರಡೂ ಹಾಡುಗಳು ನಾಚಿ ಬದಿಗೆ ಸರಿದವು.

ಹಾಡಿನಲ್ಲಿ ಒಂದು ವಿಚಿತ್ರವಿತ್ತು. ಪ್ರತಿ ಸಾಲಿನ ನಡುವೆ ಒಂದು ಕಡೆ ಅವರು ತಟಕ್ಕನೆ ನಿಂತುಬಿಡುತ್ತಿದ್ದರು. ದಮ್ಮಡಿಯೂ ನಿಲ್ಲುತ್ತಿತ್ತು. ಆ ನಿಲುಗಡೆಗೆ ಇಷ್ಟೇ ಎಂಬ ಅಳತೆ ಇರಲಿಲ್ಲ. ಆಮೇಲೆ ಉಳಿದ ಸಾಲು ಒಮ್ಮೆಲೇ ಬಿದ್ದಂತೆ ಬರುತ್ತಿತ್ತು. ‘ಧ್ವನಿ ಚೆನ್ನಾಗಿದೆ, ತಾಳ ಗೊತ್ತಿಲ್ಲ’ ಎಂದು ನಮ್ಮ ಹಾರ್ಮೋನಿಯಂ ಗೆಳೆಯ ನನ್ನ ಕಿವಿಯಲ್ಲಿ ಹೇಳಿದ. ನಾನೂ ತಲೆಯಾಡಿಸಿದೆ.

ಮುಂದಿನ ಎರಡು ವರ್ಷ ಅವರು ಬಿಡುವಾದಾಗಲೆಲ್ಲ ನಮ್ಮ ಜೊತೆ ಬಂದರು. ಊರು ಪಾವಗಡದ ಕಡೆಯದು. ನಕಾಶೆಯಲ್ಲಿ ನೋಡಿ, ಪಾವಗಡ ಆಂಧ್ರದ ಮಡಿಲಿಗೆ ಚಾಚಿದ ಕೈಯಂತಿದೆ. ಮನೆಮಾತು ತೆಲುಗು, ಶಾಲೆ ನಾಲ್ಕನೇ ಕ್ಲಾಸಿನವರೆಗೆ ಕನ್ನಡ. ಅಜ್ಜಿ ಕೈವಾರದ ತಾತಯ್ಯನವರ ಪದ ಹಾಡುತ್ತಿದ್ದಳಂತೆ. ತಾತಯ್ಯನವರು ತೆಲುಗು, ಕನ್ನಡ ಎರಡರಲ್ಲೂ ಹಾಡಿದವರು. ‘ಅಮರನಾರೇಯಣ’ ಎಂಬ ಅಂಕಿತ ಬಂದರೆ ಹಾಡು ಮುಗಿಯಿತು, ನಿದ್ದೆ ಮಾಡು ಎಂದು ಅರ್ಥ, ಅಂತ ಇವರು ನಗುತ್ತಿದ್ದರು. ತಮ್ಮ ಹಾಡುಗಳನ್ನು ಗಿರಣಿಯ ತೂಕದ ಚೀಟಿಗಳ ಹಿಂದೆ ಬರೆಯುತ್ತಿದ್ದರು. ಮುಂದೆ ಮೂಟೆ ಎಷ್ಟು, ಒಟ್ಟು ತೂಕ ಎಷ್ಟು. ಹಿಂದೆ ಪೆನ್ಸಿಲ್ಲಿನಲ್ಲಿ ಹಾಡು. ಅಂಥ ಚೀಟಿಗಳನ್ನು ದಾರದಲ್ಲಿ ಪೋಣಿಸಿ ಅಂಗಿಯೊಳಗೆ ಇಟ್ಟುಕೊಂಡಿರುತ್ತಿದ್ದರು. ಲಾರಿಯ ಮೇಲೆ, ಹಿಂಡಿಯ ಚೀಲಗಳ ನಡುವೆ ಮಲಗಿ ನಾವು ಊರಿಂದೂರಿಗೆ ಹೋದದ್ದುಂಟು. ನನ್ನನ್ನು ‘ತಮ್ಮಾ’ ಅನ್ನುತ್ತಿದ್ದರು. ಅಂಥ ರಾತ್ರಿಗಳಲ್ಲಿ ಕಂಡಷ್ಟು ನಕ್ಷತ್ರಗಳನ್ನು ನಾನು ಆಮೇಲೆ ಕಂಡಿಲ್ಲ.

ಅವರನ್ನು ಸಂತನನ್ನಾಗಿ ಮಾಡುವುದು ಸುಲಭ. ಆದರೆ ಇದ್ದದ್ದನ್ನು ಹೇಳಬೇಕು. ಕುಡಿಯುತ್ತಿದ್ದರು. ಕುಡಿದರೆ ಜಗಳ. ನಮ್ಮ ಜೊತೆ ವಾರಗಟ್ಟಲೆ ಅಲೆಯುವಾಗ ಮನೆಯಲ್ಲಿ ಹೆಂಡತಿ ಕಡಲೆಕಾಯಿ ಸುಲಿಯುವ ಕೂಲಿಯಲ್ಲಿ ಮೂರು ಮಕ್ಕಳನ್ನು ಸಾಕುತ್ತಿದ್ದರು. ಒಮ್ಮೆ ನಾವು ಅವರ ಮನೆಗೆ ಹೋದಾಗ ಆಕೆ ನಮಗೆಲ್ಲ ರಾಗಿಮುದ್ದೆ, ಹುರುಳಿಕಾಳು ಸಾರು ಬಡಿಸಿ, ಒಂದು ಮಾತೂ ಆಡದೆ ಮತ್ತೆ ಸುಲಿಯಲು ಕೂತರು. ಕ್ರಾಂತಿಯ ಮಾತಾಡುತ್ತಿದ್ದ ನಮ್ಮ ಒಂಬತ್ತು ಜನರಲ್ಲಿ ಒಬ್ಬನಿಗೂ ಆಕೆಯನ್ನು ‘ನೀವು ಉಂಡಿರಾ’ ಎಂದು ಕೇಳಬೇಕು ಅನ್ನಿಸಲಿಲ್ಲ.

1984ರಲ್ಲಿ ಹಾಡಿನ ಪುಸ್ತಕ ಮಾಡಿದೆವು. ಅಕ್ಷರ ದುಂಡಗಿದೆ ಎಂದು ಸ್ಟೆನ್ಸಿಲ್ ಕೊರೆಯುವ ಕೆಲಸ ನನಗೆ ಬಂತು. ಈಗಿನವರಿಗೆ ಸೈಕ್ಲೋಸ್ಟೈಲ್ ಎಂದರೆ ಗೊತ್ತಾಗಲಿಕ್ಕಿಲ್ಲ. ಮೇಣ ಬಳಿದ ತೆಳ್ಳನೆಯ ಹಾಳೆಯ ಮೇಲೆ ಉಕ್ಕಿನ ಮೊನೆಯಿಂದ ಬರೆಯಬೇಕು. ಮೊನೆ ಹೋದಲ್ಲಿ ಮೇಣ ಕಿತ್ತು ದಾರಿಯಾಗುತ್ತದೆ. ಉರುಳೆಗೆ ಸುತ್ತಿ ತಿರುಗಿಸಿದರೆ ಮಸಿ ಆ ದಾರಿಯಲ್ಲೇ ಕೆಳಗಿನ ಕಾಗದಕ್ಕೆ ಇಳಿಯುತ್ತದೆ. ಜೋರಾಗಿ ಒತ್ತಿದರೆ ‘ಠ’ದ ಹೊಟ್ಟೆ ಉದುರಿಹೋಗುತ್ತದೆ. ತಪ್ಪಾದರೆ ಬಣ್ಣದ ದ್ರವ ಹಚ್ಚಿ, ಬಾಯಿಂದ ಊದಿ ಒಣಗಿಸಿ, ಮತ್ತೆ ಬರೆಯಬೇಕು. ಹನ್ನೆರಡು ರಾತ್ರಿ ಕೂತು 48 ಪುಟ ಕೊರೆದೆ. 32 ಹಾಡು, 500 ಪ್ರತಿ, ಬೆಲೆ ಒಂದು ರೂಪಾಯಿ. ಅದರಲ್ಲಿ ಅವರ ಹಾಡು ಏಳು.

ಆ ಏಳು ಹಾಡುಗಳಿಗೆ ನಾನು ಮೂರು ಕೆಲಸ ಮಾಡಿದೆ.

ಮೊದಲನೆಯದು ತಾಳ. ಹಾರ್ಮೋನಿಯಂ ಗೆಳೆಯ ಆ ನಿಲುಗಡೆಗಳನ್ನೆಲ್ಲ ತೆಗೆದು, ಎಂಟು ಮಾತ್ರೆಯ ಕಹರವಾಕ್ಕೆ ಹಾಡನ್ನು ಕೂರಿಸಿದ್ದ. ಅದಕ್ಕೆ ಹೊಂದುವಂತೆ ನಾನು ಸಾಲುಗಳನ್ನು ಮುರಿದು ಬರೆದೆ. ಎರಡನೆಯದು ಮಾತು. ಮೂಟೆಯ ಹಾಡಿನಲ್ಲಿ ಪಲ್ಲವಿಯ ಮೊದಲ ಪದವೇ ‘ಗೋತಂ’. ಗೋಣಿಚೀಲಕ್ಕೆ ತೆಲುಗಿನವರು ಹೇಳುವ ಮಾತು. ಆ ಗಡಿಯಲ್ಲಿ ಕನ್ನಡದೊಳಗೂ ಓಡಾಡುತ್ತದೆ. ತುಮಕೂರಿನಲ್ಲಿ ಯಾರಿಗೆ ಅರ್ಥವಾಗುತ್ತದೆ, ಪರೀಕ್ಷೆಯಲ್ಲಿ ಗೋತಾ ಹೊಡೆದಂತೆ ಕೇಳಿಸುತ್ತದೆ ಎಂದು ಅದನ್ನು ಹೊಡೆದು ‘ಭಾರ’ ಎಂದು ತಿದ್ದಿದೆ. ಮೂರನೆಯದು ಹೆಸರು. ಏಳೂ ಹಾಡುಗಳ ಕೆಳಗೆ ‘ಜನಪದ’ ಎಂದು ಬರೆದೆ.

ಆಗ ಅದಕ್ಕೆ ನನ್ನ ಹತ್ತಿರ ಸಿದ್ಧಾಂತವಿತ್ತು. ಹಾಡು ಜನರದ್ದು, ಅದಕ್ಕೆ ಒಡೆಯನೆಲ್ಲಿ? ಹೆಸರು ಹಾಕುವುದು ಮಧ್ಯಮ ವರ್ಗದ ಚಟ. ಸಭೆಯಲ್ಲಿ ಹೀಗೆಂದಾಗ ಮೇಷ್ಟ್ರು ಸಹ ಮೆಚ್ಚಿದರು. ಇಷ್ಟು ವರ್ಷಗಳ ಮೇಲೆ ಆ ಪುಸ್ತಕ ತೆರೆದು ನೋಡಿದರೆ ನನ್ನ ಸಿದ್ಧಾಂತದ ಬಣ್ಣ ಗೊತ್ತಾಗುತ್ತದೆ. ಉಳಿದ 25 ಹಾಡುಗಳಲ್ಲಿ ಪುಸ್ತಕ ಅಚ್ಚು ಹಾಕಿಸಿದ್ದ ಕವಿಗಳದ್ದು ಹದಿನೆಂಟು. ಅವುಗಳ ಕೆಳಗೆ ಕವಿಯ ಹೆಸರನ್ನು ಇನಿಷಿಯಲ್ ಸಮೇತ, ಅಡಿಗೆರೆ ಎಳೆದು ಬರೆದಿದ್ದೇನೆ. ಹಾಡು ಜನರದ್ದು ಎಂಬ ಮಾತು ಹಮಾಲಿಗೆ ಮಾತ್ರ ಅನ್ವಯಿಸಿತು.

ಕನ್ನಡದಲ್ಲಿ ಹಾಡಿನ ದುಡಿಮೆಯನ್ನು ನಾವು ಮೂರು ಪಾಲು ಮಾಡಿಕೊಂಡಿದ್ದೇವೆ: ಕವಿ ಒಬ್ಬ, ರಾಗ ಹಾಕುವವ ಇನ್ನೊಬ್ಬ, ಹಾಡುವವ ಮತ್ತೊಬ್ಬ. 1978ರ ‘ನಿತ್ಯೋತ್ಸವ’ ಕ್ಯಾಸೆಟ್ ನಮ್ಮ ಮನೆಗಳಿಗೆ ಭಾವಗೀತೆಯನ್ನು ತಂದದ್ದೇ ಹಾಗೆ: ನಿಸಾರ್ ಅಹಮದರ ಪದ್ಯ, ಮೈಸೂರು ಅನಂತಸ್ವಾಮಿಯವರ ರಾಗ. ಶರೀಫರ ಪದಗಳು ಸಿ. ಅಶ್ವತ್ಥ್ ಅವರ ಕಂಠದಲ್ಲಿ ಎರಡನೇ ಸಲ ಹುಟ್ಟಿದವು. ಶಿವಮೊಗ್ಗ ಸುಬ್ಬಣ್ಣನವರಿಗೆ ರಾಷ್ಟ್ರಪ್ರಶಸ್ತಿ ತಂದದ್ದು ಕಂಬಾರರು ಬರೆದ ‘ಕಾಡು ಕುದುರೆ’ಯ ಹಾಡು. ಆ ಕಂಬಾರರು ಸ್ವತಃ ಹಾಡುವವರು. ಅವರ ಬಾಯಲ್ಲೇ ಕೇಳಿದವರಿಗೆ ಪದ್ಯ ಎಲ್ಲಿ ಮುಗಿದು ರಾಗ ಎಲ್ಲಿ ಶುರುವಾಯಿತು ಎಂದು ಹೇಳಲು ಆಗದು. ಆದರೆ ಅಂಥವರು ಬೆರಳೆಣಿಕೆಯಷ್ಟು. ಮೂರು ಪಾಲಿನ ಏರ್ಪಾಟು ನಮಗೆ ಅದ್ಭುತ ಹಾಡುಗಳನ್ನು ಕೊಟ್ಟಿದೆ, ಇಲ್ಲವೆನ್ನುವುದಿಲ್ಲ. 2005ರಲ್ಲಿ ಅರಮನೆ ಮೈದಾನದಲ್ಲಿ ಅಶ್ವತ್ಥರ ‘ಕನ್ನಡವೇ ಸತ್ಯ’ ಕೇಳಲು ಸೇರಿದ್ದ ಜನಸಾಗರದಲ್ಲಿ ನಾನೂ ಒಂದು ತಲೆಯಾಗಿದ್ದೆ, ನಾನೂ ಗಂಟಲು ಹರಿಯುವಷ್ಟು ಕೂಗಿದ್ದೆ. ಆದರೆ ಬರೆದದ್ದು, ಕಟ್ಟಿದ್ದು, ಹಾಡಿದ್ದು ಎಲ್ಲ ಒಂದೇ ಮೈಯಿಂದ ಬಂದರೆ ಅದನ್ನು ಯಾವ ಕಪಾಟಿನಲ್ಲಿ ಇಡಬೇಕು ಎಂದು ನಮಗೆ ತಿಳಿಯುವುದಿಲ್ಲ. ಅದರಲ್ಲೂ ಆ ಮೈ ಮೂಟೆ ಹೊರುವುದಾದರೆ, ‘ಜನಪದ’ ಎಂಬ ಕಪಾಟು ಸಿದ್ಧವಾಗಿದೆ.

ದಾಸರು, ಶರಣರು, ತತ್ವಪದದವರು ಈ ವಿಷಯದಲ್ಲಿ ನಮಗಿಂತ ಜಾಣರು. ಕೊನೆಯ ನುಡಿಯಲ್ಲಿ ಅಂಕಿತ ಹೊಲಿದುಬಿಡುತ್ತಿದ್ದರು. ಅಳಿಸಬೇಕೆಂದರೆ ಹಾಡೇ ಹರಿಯಬೇಕು. ಬೀಸುವ ಕಲ್ಲಿನ ಮುಂದೆ ಕೂತ ಹೆಂಗಸರಿಗೆ ಆ ಅನುಕೂಲ ಇರಲಿಲ್ಲ. ಹಲಸಂಗಿ ಗೆಳೆಯರು 1931ರಲ್ಲಿ ‘ಗರತಿಯ ಹಾಡು’ ತಂದಾಗ ಕನ್ನಡ ನಾಡು ಬೆರಗಾಯಿತು. ಆ ತ್ರಿಪದಿಗಳನ್ನು ಮೊದಲ ಬಾರಿ ಕಟ್ಟಿದ ಬಾಯಿಗಳು ಯಾವುವು ಎಂದು ಕೇಳಲು ಆ ಹೊತ್ತಿಗೇ ತಡವಾಗಿತ್ತು. ನನಗೆ ತಡವಾಗಿರಲಿಲ್ಲ. ನಾನು ಯಾರ ಹೆಸರು ಬಿಟ್ಟೆನೋ ಅವರು ಪಕ್ಕದ ಕೋಣೆಯಲ್ಲಿ ಗೊರಕೆ ಹೊಡೆಯುತ್ತಿದ್ದರು.

ತಿದ್ದಿದ ಹಾಡು ಕಾಲು ಮೂಡಿ ಓಡಿತು. ‘ಭಾರ’ ಎಂದರೆ ಯಾರ ಭಾರವೂ ಆಗಬಹುದಲ್ಲ! ರೈತರ ಸಭೆಯಲ್ಲಿ ಸಾಲದ ಭಾರವಾಯಿತು, ಕಾಲೇಜಿನಲ್ಲಿ ಫೀಸಿನ ಭಾರವಾಯಿತು. 1990ರಲ್ಲಿ ಭಾರತ ಜ್ಞಾನ ವಿಜ್ಞಾನ ಜಾಥಾ ಬಂದು, ಅದರ ಬೆನ್ನಿಗೆ ಸಾಕ್ಷರತೆಯ ಆಂದೋಲನ ಊರೂರಿಗೆ ಹೋದಾಗ, ಅಜ್ಞಾನದ ಭಾರವೂ ಆಯಿತು. ಆಮೇಲೆ ಯಾರೋ ಅದನ್ನು ಕ್ಯಾಸೆಟ್ಟಿಗೆ ಇಳಿಸಿದರು, ಕೀಬೋರ್ಡು, ಕೊಳಲು, ಹಿಂದೆ ಐದು ಹುಡುಗಿಯರ ಕೋರಸ್. ತುಮಕೂರಿನ ಅಂಗಡಿಯೊಂದರಲ್ಲಿ ಅದನ್ನು ಕೊಂಡು ಹಿಂದೆ ತಿರುಗಿಸಿ ನೋಡಿದೆ. ‘ಸಾಹಿತ್ಯ: ಜನಪದ’ ಎಂದಿತ್ತು. ಅವರಿಗೆ ಅದು ಹೇಗೆ ಗೊತ್ತಾಯಿತು ಎಂದು ನನಗೆ ಗೊತ್ತಿತ್ತು. ‘ಭಾರ’ ಎಂಬ ಮಾತಿನ ಜೊತೆಗೇ ನನ್ನ ಪುಸ್ತಕದಿಂದ ಅದು ಹೋಗಿತ್ತು. ಬರೆದವನ ಹಕ್ಕು ಅವನು ಬದುಕಿರುವವರೆಗೆ, ಸತ್ತ ಮೇಲೂ 60 ವರ್ಷ ಎನ್ನುತ್ತದೆ ಕಾಯ್ದೆ. ಮಾಡಿದವನ ಹೆಸರನ್ನು ಅವನ ಕೃತಿಯಿಂದ ಬೇರ್ಪಡಿಸಬಾರದು ಎಂದೂ ಹೇಳುತ್ತದೆ. ಕಾಯ್ದೆಗೆ ಬೇಕಾದದ್ದು ಒಂದು ಹೆಸರು. ಅದನ್ನೇ ನಾನು ಕೊಟ್ಟಿರಲಿಲ್ಲ.

ಅಷ್ಟರಲ್ಲಿ ನಾನು ಬ್ಯಾಂಕ್ ನೌಕರನಾಗಿದ್ದೆ. ಪರೀಕ್ಷೆ ಬರೆದದ್ದು, ಪಾಸಾದದ್ದು, ಹಾಡು ಬಿಟ್ಟದ್ದು, ಎಲ್ಲ ಒಂದೇ ವರ್ಷದಲ್ಲಿ. ಅದಕ್ಕೆ ಯಾರೂ ಬಲವಂತ ಮಾಡಲಿಲ್ಲ. 1992ರಲ್ಲಿ ಒಂದು ದಿನ ಕೌಂಟರಿನ ಆಚೆ ಆ ಹೆಗಲು ಕಂಡಿತು. ಟೈರಿನ ಗಾಡಿಗೆ ಐದು ಸಾವಿರ ಸಾಲ ಬೇಕಿತ್ತು. ಹೆಗಲಿಗೆ ಇನ್ನು ಮೂಟೆ ಆಗುವುದಿಲ್ಲ ಅಂದಿದ್ದರಂತೆ ಡಾಕ್ಟರು. ನನ್ನನ್ನು ಕಂಡು ಮುಖ ಅರಳಿತು. ಬಾಯಲ್ಲಿ ಬಂದದ್ದು ಮಾತ್ರ ‘ನಮಸ್ಕಾರ ಸಾರ್’. ‘ತಮ್ಮಾ’ ಎನ್ನಲಿಲ್ಲ. ಸಾರ್ ಅನ್ನಬೇಡಿ ಎಂದು ನಾನೂ ಹೇಳಲಿಲ್ಲ. ಜಾಮೀನಿಗೆ ಯಾರೂ ಇಲ್ಲವೆಂದು ಅರ್ಜಿ ಹಿಂದೆ ಬಂತು. ಜಾಮೀನಿನ ಜಾಗದಲ್ಲಿ ನಾನು ಸಹಿ ಹಾಕಬಹುದಿತ್ತೇ? ನೌಕರರು ಹಾಕಬಾರದು ಎಂಬ ನಿಯಮ ಹೇಳಿ ಕಳಿಸಿದೆ. ಜಾಮೀನು ನಿಲ್ಲಬಲ್ಲ ಗೆಳೆಯರು ನನಗಿದ್ದರು, ಒಬ್ಬರನ್ನೂ ಕೇಳಲಿಲ್ಲ. ಮತ್ತೆ ಅವರನ್ನು ನೋಡಿದ್ದು ಈ ನಡುಮನೆಯಲ್ಲೇ.

ಅವರು ಒಳಗಿನ ಕೋಣೆಯಿಂದ ಬಂದು ಜಮಖಾನದ ಮೇಲೆ ಕಾಲು ಮಡಚಿ ಕೂತರು. ಎಪ್ಪತ್ತೈದು ದಾಟಿದ ಮೈ. ಬಿಳಿ ಪಂಚೆ, ಇಸ್ತ್ರಿ ಮಾಡಿದ ಅಂಗಿ. ಮುಂದೆ ಯಾರೋ ಒಂದು ಬಟ್ಟಲು ಬೇಯಿಸಿದ ಕಡಲೆಕಾಯಿ ಇಟ್ಟಿದ್ದರು, ಪರಿಷೆಯದು. ಅವರು ಒಂದನ್ನು ಒಡೆದು ಬಾಯಿಗೆ ಹಾಕಿಕೊಂಡು, ‘ಇಂಥದ್ದನ್ನ ಎಷ್ಟು ಸಾವಿರ ಮೂಟೆ ಹೊತ್ತಿದೀನೋ, ಆಗ ಒಂದು ಕಾಯಿ ತಿಂದ್ರೆ ಮೇಸ್ತ್ರಿ ಬಯ್ತಿದ್ದ’ ಅಂದರು. ಜನ ನಕ್ಕರು. ಮುಂದಿನ ಸಾಲಿನ ಹುಡುಗ ಹುಡುಗಿಯರು ಫೋನು ಎತ್ತಿದರು. ಅವರು ಕೈಸನ್ನೆ ಮಾಡಿ, ‘ಒಂದು ಹಾಡು ಹಿಡ್ಕಳಿ, ಆಮೇಲೆ ಇಳಿಸಿ. ಮುಖ ಕಾಣ್ದೆ ಹಾಡಕ್ಕಾಗಲ್ಲ’ ಅಂದರು. ಫೋನುಗಳು ಇಳಿದವು. ಮೈಕಿಲ್ಲದ ಕೋಣೆಯಲ್ಲಿ ಫ್ಯಾನನ್ನೂ ನಿಲ್ಲಿಸಿದರು. ದೂರದಲ್ಲಿ ಪರಿಷೆಯ ಪೀಪಿ ಸದ್ದು, ಅಷ್ಟೇ.

ಧ್ವನಿ ಒಡೆದಿತ್ತು. ಮೇಲಿನ ಸ್ವರಗಳಿಗೆ ಹೋಗುವಾಗ ಗಂಟಲು ದಾರಿ ತಪ್ಪುತ್ತಿತ್ತು. ಅವರು ಅದನ್ನು ಮುಚ್ಚಿಡಲು ಹೋಗದೆ ಅಲ್ಲಿ ಮಾತಿನ ಹಾಗೆ ಹೇಳಿ ಮುಂದೆ ಹೋಗುತ್ತಿದ್ದರು. ಹೊಸ ಹಾಡುಗಳೂ ಇದ್ದವು. ಒಂದು ಪಾವಗಡದ ಸೋಲಾರ್ ಪಾರ್ಕಿನದು. 13,000 ಎಕರೆ, 2,050 ಮೆಗಾವಾಟ್. ಒಣಭೂಮಿಯವರು ಮೊದಲಿಗೆ ಎಕರೆಗೆ ವರ್ಷಕ್ಕೆ 21,000 ರೂಪಾಯಿಯಂತೆ ನೆಲವನ್ನು ಗುತ್ತಿಗೆಗೆ ಕೊಟ್ಟಿದ್ದರು, ಅವರ ಅಣ್ಣನ ಮಗನೂ ಸೇರಿದಂತೆ. ಹಾಡಿನಲ್ಲಿ ಶಾಪವಿಲ್ಲ. ಮಳೆ ಕೈಕೊಟ್ಟ ನೆಲಕ್ಕೆ ಬಿಸಿಲು ಬಾಡಿಗೆ ಕೊಡುತ್ತಿದೆ ಎಂದು ಸಮಾಧಾನವಿದೆ. ನೆರಳಿದೆ, ಮರವಿಲ್ಲ ಎಂದು ಒಂದು ಕಡೆ ಬರುತ್ತದೆ, ಆ ನೆರಳಲ್ಲಿ ಕೂತು ಕಡಲೆಕಾಯಿ ಸುಲಿಯುವವರನ್ನು ಹುಡುಕುತ್ತದೆ. 1994ರಲ್ಲಿ ತಾಳೆಎಣ್ಣೆಯ ಆಮದಿಗೆ ಬಾಗಿಲು ತೆರೆದ ಮೇಲೆ ಚಳ್ಳಕೆರೆಯ ಗಿರಣಿಗಳು ಹೇಗೆ ಒಂದೊಂದಾಗಿ ಸದ್ದು ನಿಲ್ಲಿಸಿದವು ಎಂದು ಹಾಡಿನ ನಡುವೆ ಮಾತಲ್ಲಿ ಹೇಳಿದರು. ಐದು ರೂಪಾಯಿಯ ಪಾಮೋಲಿನ್ ಪ್ಯಾಕೆಟ್ ತಮ್ಮ ಕೈಯ ಕೊಕ್ಕೆಯನ್ನು ಹೇಗೆ ಕಿತ್ತುಕೊಂಡಿತು ಎಂಬುದೂ ಬಂತು. ನಾವು ಯಾರ ವಿರುದ್ಧ ಹಾಡಿದ್ದೆವೋ ಆ ಗಿರಣಿಯ ಯಜಮಾನನ ಮಗ ಈಗ ಪೆಟ್ರೋಲ್ ಬಂಕಿನಲ್ಲಿ ಲೆಕ್ಕ ಬರೆಯುತ್ತಾನಂತೆ. ‘ಅವನಿಗೂ ಒಂದು ಹಾಡು ಬರೀಬೇಕು’ ಅಂದರು. ಯಾರೂ ನಗಲಿಲ್ಲ.

ಕೊನೆಗೆ ಮೂಟೆಯ ಹಾಡು. ಶುರು ಮಾಡುವ ಮುಂಚೆ ಎದ್ದು ನಿಂತರು. ಮುಂದಿನ ಸಾಲಿನ ಒಬ್ಬ ಗಟ್ಟಿಮುಟ್ಟಾದ ಹುಡುಗನನ್ನು ಕರೆದು ಬಗ್ಗಿಸಿ ನಿಲ್ಲಿಸಿದರು. ‘ಮೂಟೆ 80 ಕೆಜಿ. ಇಬ್ಬರು ಕೊಕ್ಕೆ ಹಾಕಿ ನೆಲದಿಂದ ಎತ್ತುತಾರೆ. ಇವನು ಹಿಂಗೆ ಬಗ್ಗಿರಬೇಕು. ಮೂಟೆ ಮೇಲೆ ಹೋಯ್ತು, ಬೆನ್ನಿಗೆ ಇನ್ನೂ ಬಂದಿಲ್ಲ. ಅವಾಗ ಇವನು ಉಸಿರು ಹಿಡೀಬೇಕು. ಬಿಟ್ಟರೆ ಸೊಂಟ ಹೋಯ್ತು. ಎಷ್ಟೊತ್ತು ಹಿಡೀಬೇಕು? ಎತ್ತೋರ ಕೈಯಲ್ಲಿದೆ.’ ಇಷ್ಟು ಹೇಳಿ ಹಾಡಿದರು.

ಗೋತಂ, ಎಂದು ಶುರುವಾಯಿತು. ನಡುವೆ ಆ ನಿಲುಗಡೆ ಬಂತು. ಕೋಣೆಯಲ್ಲಿ ನಲವತ್ತು ಜನ ಉಸಿರು ಹಿಡಿದರು, ಯಾರೂ ಹೇಳಿರಲಿಲ್ಲ. ಆಮೇಲೆ ಸಾಲಿನ ಉಳಿದರ್ಧ ದೊಪ್ಪನೆ ಬಂದು ಬೆನ್ನಿಗೆ ಬಿತ್ತು. ನನಗೆ ತಾಳ ಅರ್ಥವಾದದ್ದು ಆಗ, ಅರವತ್ತರ ಮೇಲೆ. ನಲವತ್ತು ವರ್ಷದ ಹಿಂದೆ ನಾವು ತಿದ್ದಿದ್ದು ಒಬ್ಬ ಮನುಷ್ಯನ ಉಸಿರನ್ನು. ‘ಭಾರ’ ಎಂದಾಗ ಯಾರಿಗೂ ಬೆನ್ನು ಬಗ್ಗುವುದಿಲ್ಲ. ಗೋತಂ 80 ಕೆಜಿ ತೂಗುತ್ತದೆ.

ಹಾಡು ಮುಗಿಸಿ ದಮ್ಮಡಿ ಕೆಳಗಿಟ್ಟು ಅವರು ಇನ್ನೊಂದು ಮಾತು ಹೇಳಿದರು. ‘ಮಾತು ನಂದು. ಧಾಟಿ ನನ್ನ ಹೆಂಡ್ತೀದು. ಕಾಯಿ ಸುಲಿಯೋವಾಗ ಗುನುಗ್ತಿದ್ಲು. ಅವಳು ಇದ್ದಾಗ ನಾನು ಯಾರ ಮುಂದೂ ಹೇಳಲಿಲ್ಲ. ಈಗ ಎಲ್ಲಾ ಕಡೆ ಹೇಳ್ತೀನಿ, ಕೇಳಕ್ಕೆ ಅವಳಿಲ್ಲ.’ ಆಕೆ ತೀರಿಕೊಂಡು ಆರು ವರ್ಷವಾಗಿತ್ತಂತೆ. ನನಗೆ ಆ ಹುರುಳಿ ಸಾರು ನೆನಪಾಯಿತು, ಮಾತಾಡದೆ ಸುಲಿಯಲು ಕೂತ ಆ ಬೆನ್ನು ನೆನಪಾಯಿತು.

ಎಲ್ಲರೂ ಹೋಗುವವರೆಗೆ ಕಾದು ಹತ್ತಿರ ಹೋದೆ. ಕಣ್ಣು ಕಿರಿದು ಮಾಡಿ ನೋಡಿ, ‘ಬ್ಯಾಂಕ್ ಸಾರ್!’ ಅಂದರು. ಕೈಚೀಲದಿಂದ ಆ ಪುಸ್ತಕ ತೆಗೆದೆ. ಹಾಳೆ ಕಂದು ಬಣ್ಣಕ್ಕೆ ತಿರುಗಿತ್ತು, ಪಿನ್ನು ತುಕ್ಕು ಹಿಡಿದು ನಡುವೆ ಕೆಂಪು ಕಲೆ. ಹೇಳಬೇಕಾದದ್ದನ್ನು ಬಸ್ಸಿನಲ್ಲೇ ಮನಸ್ಸಿನಲ್ಲಿ ಹತ್ತು ಸಲ ಹೇಳಿಕೊಂಡು ಬಂದಿದ್ದೆ; ತಡವರಿಸುತ್ತ ಹೇಳಿದೆ.

‘ಗೊತ್ತು,’ ಅಂದರು. ‘ಅವತ್ತೇ ನೋಡಿದ್ದೆ. ನಾಲ್ಕನೇ ಕ್ಲಾಸು ಓದಿದೀನಲ್ಲ, ಜನಪದ ಅಂತ ಓದಕ್ಕೆ ಬರ್ತಿತ್ತು.’

‘ಯಾಕೆ ಕೇಳಲಿಲ್ಲ ನೀವು?’

‘ನಿಮ್ಮ ಜೊತೆ ಬಂದ್ರೆ ಹಾಡಕ್ಕೆ ಒಂದು ಜಾಗ ಸಿಕ್ತಿತ್ತು. ಕೇಳಿದ್ರೆ ಅದೂ ಹೋಗ್ತಿತ್ತೇನೋ.’

ಕೋಪದಿಂದ ಹೇಳಿದ್ದರೆ ತಡೆದುಕೊಳ್ಳಬಹುದಿತ್ತು. ಬಸ್ಸಿನ ಹೊತ್ತು ಹೇಳುವವರ ಹಾಗೆ ಹೇಳಿದರು. ಆಮೇಲೆ ಪುಸ್ತಕ ಇಸಿದುಕೊಂಡು, ಕನ್ನಡಕ ಹುಡುಕಿ ಹಾಕಿಕೊಂಡು, 19ನೇ ಪುಟ ತೆಗೆದು ‘ಭಾರ’ದ ಮೇಲೆ ಬೆರಳಿಟ್ಟರು. ‘ಇದು ಮಾತ್ರ ಹೊಟ್ಟೆ ಉರೀತು. ಹೆಸರು ಹೋದ್ರೆ ಹೋಗ್ಲಿ, ಗೋತಂ ಯಾಕೆ ತೆಗೆದೆ ತಮ್ಮಾ?’

ತಮ್ಮಾ ಎಂದದ್ದನ್ನು ಅವರು ಗಮನಿಸಲಿಲ್ಲ.

ಈ ಬಗ್ಗೆ ಪತ್ರಿಕೆಗೆ ಬರೆಯುತ್ತೇನೆ, ನಿಮ್ಮ ಹೆಸರು ಹಾಕಿ ಎಲ್ಲವನ್ನೂ ಬರೆಯುತ್ತೇನೆ ಎಂದೆ. ಬೇಡ ಅಂದರು. ‘ಅದು ನಿನ್ನ ಕತೆ. ನಿನ್ನ ಕತೆಯೊಳಗೆ ನನ್ನ ಹೆಸರು ಯಾಕೆ? ನನ್ನ ಹಾಡಿನ ಕೆಳಗೆ ಹಾಕು.’ ಇಲ್ಲಿ ಅವರ ಹೆಸರಿಲ್ಲದಿರುವುದು ಅದಕ್ಕೆ. ಈ ಸಲ ಬಿಟ್ಟದ್ದು ಅವರ ಮಾತಿನಂತೆ.

ಅಂದಿನಿಂದ ಮೂರು ಸಲ ಪಾವಗಡಕ್ಕೆ ಹೋಗಿಬಂದಿದ್ದೇನೆ. ತೂಕದ ಚೀಟಿಗಳಲ್ಲಿ ಗೆದ್ದಲು ತಿಂದು ಉಳಿದದ್ದು ಒಂದು ಬಿಸ್ಕತ್ತಿನ ಡಬ್ಬಿಯಷ್ಟಿದೆ. ಮಿಕ್ಕದ್ದು ಅವರ ಬಾಯಲ್ಲಿದೆ. ಅವರು ಹೇಳುತ್ತಾರೆ, ನಾನು ಬರೆಯುತ್ತೇನೆ. ಉಸಿರು ಹಿಡಿಯುವ ಜಾಗದಲ್ಲಿ ಒಂದು ಗೆರೆ ಎಳೆದು ಅಷ್ಟು ಖಾಲಿ ಬಿಡುತ್ತೇನೆ. ಪ್ರತಿ ಹಾಡಿನ ಕೆಳಗೆ ಅವರ ಹೆಸರು, ಹನ್ನೊಂದರ ಕೆಳಗೆ ಧಾಟಿ ಎಂದು ಆಕೆಯ ಹೆಸರು. ಇದುವರೆಗೆ 23 ಆಗಿವೆ. ಯಾವುದರಲ್ಲೂ ಒಂದಕ್ಷರ ತಿದ್ದಿಲ್ಲ.